ಶಾರ್ಕ್ ತಲೆ ಮತ್ತು ‘ನಾಲಿಗೆ ಕಲ್ಲು’

ಈ ಹಳೆಯ ಕೆತ್ತನೆ ಚಿತ್ರದಲ್ಲಿರುವ ಶಾರ್ಕ್ ತಲೆಯ ಚರ್ಮವೆಲ್ಲ ಸುಕ್ಕು. ಈಜುವ ಮೀನಿಗಿಂತ ಒಣಗಿದ ತೊಗಲನ್ನೇ ಹೆಚ್ಚು ಹೋಲುತ್ತದೆ. ಹಲ್ಲುಗಳನ್ನು ಮಾತ್ರ ಕೆಳಗೆ ಬಿಡಿಯಾಗಿಯೂ ಕೆತ್ತಲಾಗಿದೆ. ಕಥೆ ಇರುವುದು ಅವುಗಳಲ್ಲೇ.

1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಮೀನುಗಾರರಿಗೆ ಭಾರಿ ಶಾರ್ಕ್ ಒಂದು ಸಿಕ್ಕಿತು. ತಸ್ಕನಿಯ ದೊರೆ ಎರಡನೇ ಫರ್ದಿನಾಂದೊ ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ, ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೊಲಸ್ ಸ್ಟೆನೊನ ಕೈಗೆ ಕೊಟ್ಟ. ಆ ಕಾಲಕ್ಕೆ ಮಾಲ್ಟಾದ ಬಂಡೆಗಳಲ್ಲಿ ಸಿಗುತ್ತಿದ್ದ ತ್ರಿಕೋನ ಕಲ್ಲುಗಳನ್ನು ಜನ ಕಲ್ಲಾದ ಹಾವಿನ ನಾಲಿಗೆ ಎಂದು ನಂಬಿ, ವಿಷಕ್ಕೆ ಮದ್ದೆಂದು ತಾಯಿತದಂತೆ ಧರಿಸುತ್ತಿದ್ದರು. ಅವು ಶಾರ್ಕಿನ ಹಲ್ಲುಗಳೇ, ಹಿಂದೊಮ್ಮೆ ನೀರಿನಡಿಯ ಕೆಸರಿನಲ್ಲಿ ಹೂತಿದ್ದವು ಎಂದು ಸ್ಟೆನೊ 1667ರಲ್ಲಿ ವಾದಿಸಿದ. ಹಲ್ಲಿನ ಮಾತನ್ನು ಫಾಬಿಯೊ ಕೊಲೊನ್ನಾ 1616ರಲ್ಲೇ ಆಡಿದ್ದ. ಕೆಸರು ಬಂಡೆಯಾಗುವ ಬಗೆಯನ್ನು ಬೆನ್ನಟ್ಟಿದ್ದು ಸ್ಟೆನೊನ ಹೆಚ್ಚುಗಾರಿಕೆ.

ತಮಾಷೆಯೆಂದರೆ, ಚಿತ್ರದಲ್ಲಿರುವುದು ಲಿವೊರ್ನೊದ ಶಾರ್ಕ್ ಅಲ್ಲ! ವ್ಯಾಟಿಕನ್ನಿನ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಮಿಕೇಲೆ ಮೆರ್ಕಾತಿ ತನ್ನ ‘ಮೆಟಲ್ಲೊಥೆಕಾ’ ಗ್ರಂಥಕ್ಕೆಂದು ಮಾಡಿಸಿದ್ದ ಹಳೆಯ ತಾಮ್ರದ ಅಚ್ಚನ್ನೇ ಸ್ಟೆನೊ ತನ್ನ ಬರಹಕ್ಕೆ ಬಳಸಿಕೊಂಡ. 1593ರಲ್ಲಿ ತೀರಿಕೊಂಡ ಮೆರ್ಕಾತಿಯ ಆ ಗ್ರಂಥ ಅಚ್ಚಾದದ್ದು 1717ರಲ್ಲಿ.