ಬಿ.ಸ್ಟ್ಯಾಟ್. ಪದವಿಯ ಹಿಂದಿನ ಕಥೆ

ಭಾರತದಲ್ಲಿ ಅಂಕಿಅಂಶಗಳ ರಾಶಿಯನ್ನು ನಿಭಾಯಿಸುವ ವಿದ್ಯೆ ಭೌತಶಾಸ್ತ್ರ ವಿಭಾಗವೊಂದರಲ್ಲಿ ಬೇರೂರಿತು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆ, ಆಮೇಲೆ 1950ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಹೊರೆಗಟ್ಟಲೆ ಮಾಹಿತಿ ತಂದವು. ಅದನ್ನು ಅರಗಿಸಿಕೊಳ್ಳಬಲ್ಲ ತರಬೇತಾದವರು ಮಾತ್ರ ಕಡಿಮೆ. ಕಲ್ಕತ್ತಾ ವಿಶ್ವವಿದ್ಯಾಲಯ 1941ರಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಆರಂಭಿಸಿದಾಗ ಮೊದಲ ತಂಡದಲ್ಲಿದ್ದವರು ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್.

1959ರ ಕಾಯ್ದೆ ಸಂಸ್ಥೆಗೆ ಪದವಿ ಕೊಡುವ ಅಧಿಕಾರ ನೀಡಿತು. ಮರುವರ್ಷ ಸಂಖ್ಯಾಶಾಸ್ತ್ರದ ಸ್ನಾತಕ ಪದವಿ ಬಿ.ಸ್ಟ್ಯಾಟ್. ಶುರುವಾಯಿತು. ಅದರ ಪಠ್ಯಕ್ರಮ ಇಂದಿಗೂ ಬೆರಗು ಹುಟ್ಟಿಸುತ್ತದೆ: ಗಣಿತದ ಜೊತೆಗೆ ಭೌತಶಾಸ್ತ್ರ, ಜೀವಶಾಸ್ತ್ರ, ಭೂವಿಜ್ಞಾನ. ಅಳತೆ ಎಲ್ಲಿಂದ ಬಂತೆಂದು ತಿಳಿಯದವನು ಅದನ್ನು ವಿಶ್ಲೇಷಿಸಲಾರನೆಂಬುದು ಇದರ ಹಿಂದಿನ ತರ್ಕ. ಆಗ ಅಲ್ಲಿದ್ದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಇದೇ ನಿಲುವಿನವರು. ಸಂಖ್ಯಾಶಾಸ್ತ್ರದ ಸಂಸ್ಥೆಯೊಂದರಲ್ಲಿ ಗೋದಾವರಿ ಕಣಿವೆಯ ಬಾರಾಪಾಸಾರಸ್ ಡೈನೋಸಾರ್‌ನ ಅಸ್ಥಿಪಂಜರ ನಿಂತಿರುವುದಕ್ಕೆ ಅಲ್ಲಿ ಬೆಳೆದ ಭೂವಿಜ್ಞಾನ ವಿಭಾಗವೇ ಕಾರಣ!

ಯಂತ್ರಗಳೂ ಬಂದವು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಎಚ್‌ಇಸಿ-2ಎಂ 1956ರ ಹೊತ್ತಿಗೇ ಅಲ್ಲಿ ಕೆಲಸ ಮಾಡುತ್ತಿತ್ತು. ಆದರೆ ಉಳಿದ ಕಡೆಯ ಬಿ.ಎಸ್ಸಿ. ತರಗತಿಗಳಲ್ಲಿ ದಶಕಗಳ ಕಾಲ ಕ್ಯಾಲ್ಕ್ಯುಲೇಟರು, ಕೋಷ್ಟಕ, ಪುಸ್ತಕದ ಸಣ್ಣ ಲೆಕ್ಕಗಳೇ ಗತಿಯಾದವು. ಬಿಗ್ ಡೇಟಾದ ಮಾತು ಜೋರಾದ ಮೇಲೆ ಚಿತ್ರ ಬದಲಾಯಿತು. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಪದವಿ ಪ್ರಕಟಿಸಿತು. ಮಹಾಲನೋಬಿಸರ ಸಂಸ್ಥೆ 2024ರಲ್ಲಿ ಸ್ಟಾಟಿಸ್ಟಿಕಲ್ ಡೇಟಾ ಸೈನ್ಸ್ ಪದವಿಯನ್ನು ಕೋಲ್ಕತ್ತ, ದೆಹಲಿ ಮತ್ತು ಬೆಂಗಳೂರು ಕೇಂದ್ರಗಳಲ್ಲಿ ಆರಂಭಿಸಿತು.