ಡೆಡ್ ಸೆಟ್ ಎಬ್ಬಿಸುವ ಕಸುಬು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದಮೇಲೆ ರೀಲರ್‌ಗಳು ಬೆಲೆ ಕಟ್ಟುವುದು ಮೊಬೈಲ್‌ನಲ್ಲೇ. ಅಪ್‌ಡೇಟ್ ಅರ್ಧಕ್ಕೆ ನಿಂತು ಫೋನ್ ಕಪ್ಪಾಯಿತೆಂದರೆ ಕಣ್ಣಿಟ್ಟ ಗೂಡು ಬೇರೆಯವರ ಪಾಲು. ರಿಪೇರಿ ಅಂಗಡಿಯಲ್ಲಿ ಅಂಥದ್ದಕ್ಕೆ ‘ಡೆಡ್ ಸೆಟ್’ ಎನ್ನುತ್ತಾರೆ. ಫ್ಲ್ಯಾಶ್ ಹೊಡೆದು, ಅಂದರೆ ಸಾಫ್ಟ್‌ವೇರನ್ನು ಹೊಸದಾಗಿ ಬರೆದು, ಎಬ್ಬಿಸಬೇಕು.

ಈ ಕಸುಬು ನಮ್ಮ ತಾಲ್ಲೂಕುಗಳಿಗೆ ಮೊಬೈಲ್ ಬರುವುದಕ್ಕೂ ಮುಂಚಿನದು. ಹಳೆಯ ಕಂಪ್ಯೂಟರ್‌ಗಳಲ್ಲಿ ಯಂತ್ರವನ್ನು ಚಾಲೂ ಮಾಡುವ ಬಯೋಸ್ ಇರುತ್ತಿದ್ದ ಚಿಪ್‌ಗೆ ಪುಟ್ಟ ಗಾಜಿನ ಕಿಂಡಿ. ಅದರೊಳಗೆ ನೇರಳಾತೀತ ಬೆಳಕು ಬಿಟ್ಟು ಅಳಿಸಿದ ಮೇಲೆಯೇ ಹೊಸದನ್ನು ಬರೆಯಬೇಕಿತ್ತು. 1990ರ ದಶಕದಲ್ಲಿ ಫ್ಲ್ಯಾಶ್ ಚಿಪ್ ಬಳಕೆಗೆ ಬಂದು ಬರೆಯುವುದು ಸುಲಭವಾಯಿತು, ಕೆಡಿಸುವುದೂ ಅಷ್ಟೇ ಸುಲಭವಾಯಿತು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಏಷ್ಯಾದುದ್ದಕ್ಕೂ ಕಂಪ್ಯೂಟರ್‌ಗಳ ಬಯೋಸನ್ನೇ ಕೆಡಿಸಿತು. ಆಗ ಮೆಕ್ಯಾನಿಕ್‌ಗಳು ಹಿಡಿದ ದಾರಿಗೆ ಎದೆಗಾರಿಕೆ ಬೇಕು: ಅದೇ ಮಾದರಿಯ ಇನ್ನೊಂದು ಕಂಪ್ಯೂಟರ್ ಓಡುತ್ತಿರುವಾಗಲೇ ಅದರ ಒಳ್ಳೆಯ ಚಿಪ್ ಕಿತ್ತು, ಆ ಜಾಗದಲ್ಲಿ ಕೆಟ್ಟ ಚಿಪ್ ಕೂರಿಸಿ ಬರೆಯುವುದು.

2003ರ ಮೇ ತಿಂಗಳಲ್ಲಿ ದೇಶದಲ್ಲಿ ಒಳಬರುವ ಕರೆ ಉಚಿತವಾಯಿತು. ಚಿಂತಾಮಣಿ, ಗೌರಿಬಿದನೂರಿನಂಥ ಊರುಗಳಲ್ಲಿ ನೋಕಿಯಾ ಸೆಟ್‌ಗಳು ಕೈಕೈಗೆ ಬಂದವು. ಹಿಂದೆಯೇ ರಿಪೇರಿ ಅಂಗಡಿಗಳೂ ಬಂದವು. ಬಿಡಿಭಾಗ, ಫ್ಲ್ಯಾಶಿಂಗ್ ಬಾಕ್ಸ್, ಕೇಬಲ್‌ಗಳಿಗೆ ಬೆಂಗಳೂರಿನ ಎಸ್‌ಪಿ ರಸ್ತೆ ಇತ್ತು. ಬರೆಯುವ ನಡುವೆ ಕರೆಂಟ್ ಹೋದರೆ ಸೆಟ್ ಇನ್ನಷ್ಟು ಕೆಡುತ್ತದೆ. ಲೋಡ್ ಶೆಡ್ಡಿಂಗ್‌ನ ಆ ಕಾಲದಲ್ಲಿ ಯುಪಿಎಸ್ ಇಲ್ಲದೆ ಕೈಹಾಕುವಂತಿರಲಿಲ್ಲ.

ಸತ್ತಂತಿರುವ ಫೋನ್ ಏಳುವುದು ಹೇಗೆ? ಪ್ರೊಸೆಸರ್‌ನೊಳಗೆ ಕಾರ್ಖಾನೆಯಲ್ಲೇ ಅಚ್ಚಾದ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ಯಾವ ಅಪ್‌ಡೇಟೂ ಅದನ್ನು ಅಳಿಸಲಾರದು. ಮುಂದಿನ ಸಾಫ್ಟ್‌ವೇರ್ ಕೆಟ್ಟಿದ್ದರೆ ಅದು ಯುಎಸ್‌ಬಿ ತಂತಿಯತ್ತ ಕಿವಿಗೊಟ್ಟು ಕೂರುತ್ತದೆ. ಅದೂ ಆಗದಿದ್ದರೆ ಹಿಂಬದಿ ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲಿನ ಸಾಸಿವೆಯಷ್ಟು ತಾಮ್ರದ ಚುಕ್ಕಿಯನ್ನು ಚಿಮಟದ ತುದಿಯಿಂದ ಗ್ರೌಂಡ್‌ಗೆ ತಾಗಿಸಿ ತಂತಿ ಚುಚ್ಚಬೇಕು. ಕ್ವಾಲ್‌ಕಾಮ್ ಚಿಪ್ ಆದರೆ ಕಂಪ್ಯೂಟರ್ ಪರದೆಯಲ್ಲಿ ‘9008’ ಪೋರ್ಟ್ ಕಾಣುತ್ತದೆ. ಕಸುಬು ಬಲ್ಲವರು ಆಗಲೂ ನೇರ ಬರೆಯಲು ಹೋಗುವುದಿಲ್ಲ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ, ನೆಟ್‌ವರ್ಕ್ ಹೊಂದಾಣಿಕೆಯ ಮಾಹಿತಿ ಇರುವ ಭಾಗವನ್ನು ಮೊದಲು ನಕಲು ಮಾಡಿಟ್ಟುಕೊಳ್ಳುತ್ತಾರೆ. ಅದು ಹೋದರೆ ಫೋನ್ ಎದ್ದರೂ ಸಿಗ್ನಲ್ ಬರುವುದಿಲ್ಲ.

ಈಗ ಆ ಬಾಗಿಲಿಗೂ ಬೀಗ ಬಿದ್ದಿದೆ. ಹಲವು ಹೊಸ ಫೋನ್‌ಗಳು ಕಂಪನಿಯ ಅಧಿಕೃತ ಖಾತೆಯ ಒಪ್ಪಿಗೆ ಇಲ್ಲದೆ ಫ್ಲ್ಯಾಶ್ ಹೊಡೆಯಲು ಬಿಡುವುದಿಲ್ಲ. ಕದ್ದ ಫೋನಿನ ದಂಧೆ ತಡೆಯಲು ಬೀಗ ಬೇಕು, ನಿಜ. ಆದರೆ ಮಾಲೀಕನೇ ರಸೀದಿ ಹಿಡಿದು ಬಂದಾಗಲೂ ಕೈಚೆಲ್ಲಬೇಕಾಗುವುದು ಅನ್ಯಾಯ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಚಿಕ್ಕಬಳ್ಳಾಪುರದ ಅಂಗಡಿಗೆ ಅಲ್ಲಿನ ದುರಸ್ತಿ ಕೈಪಿಡಿಯ ಜೊತೆ ಈ ಬೀಗದ ಕೀಲಿಯೂ ಸಿಗಬೇಕು.