ಸಂಗಮ ದೂರ

ತೆಲುಗು ಪಠ್ಯಪುಸ್ತಕದ ‘ನಾಭ್ಯಂತರಂ’ ನಮ್ಮ ಪಠ್ಯದಲ್ಲಿ ‘ಸಂಗಮ ದೂರ’. ಶೂಟಿಂಗಿನಲ್ಲಿ ಇವೆರಡೂ ಕಿವಿಗೆ ಬೀಳುವುದಿಲ್ಲ. ‘ಐವತ್ತು ಹಾಕು’ ಅಂದರೆ ಸಾಕು, 50 ಮಿ.ಮೀ. ಲೆನ್ಸ್ ಬರುತ್ತದೆ.

ದೂರದಿಂದ ಸಮಾಂತರವಾಗಿ ಬಂದ ಕಿರಣಗಳು ಮಸೂರ ದಾಟಿ ಕೂಡುವ ಬಿಂದುವೇ ಸಂಗಮ. ಕೆಪ್ಲರ್ 1604ರಲ್ಲಿ ಇದಕ್ಕೆ ‘ಫೋಕಸ್’ ಎಂದ. ಲ್ಯಾಟಿನ್ನಿನಲ್ಲಿ ಅದು ಒಲೆ. ಭೂತಗನ್ನಡಿಯಲ್ಲಿ ಕಾಗದ ಸುಟ್ಟವರಿಗೆ ಕಾರಣ ಹೇಳಬೇಕಿಲ್ಲ. ನನಗೇನೋ ‘ಸಂಗಮ’ವೇ ಹೆಚ್ಚು ಇಷ್ಟ: ನದಿಗಳಂತೆ ಕಿರಣಗಳೂ ಕೂಡುತ್ತವೆ.

ಮಸೂರದಿಂದ ಸಂಗಮದವರೆಗಿನ ಈ ದೂರ ಹೆಚ್ಚಿದಷ್ಟೂ ನೋಟದ ಕೋನ ಕಿರಿದು. 36×24 ಮಿ.ಮೀ. ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೆ 24 ಮಿ.ಮೀ. ಲೆನ್ಸಿಗೆ ಸುಮಾರು 84 ಡಿಗ್ರಿ, 50ಕ್ಕೆ 47, 200ಕ್ಕೆ ಬರೀ 12. ಅಗಲ ನೋಟ ಹಿಡಿಯಲು ಸಿನಿಮಾಸ್ಕೋಪ್ ಇಲ್ಲೊಂದು ಉಪಾಯ ಹೂಡಿತು: ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಫಿಲ್ಮಿಗೆ ತುಂಬಿ, ತೆರೆಯ ಮೇಲೆ ಬಿಡಿಸುವುದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959). ಛಾಯಾಗ್ರಾಹಕ ಮೈಸೂರಿನ ವಿ.ಕೆ. ಮೂರ್ತಿ.

ಲೆನ್ಸ್ ಅದೇ ಇದ್ದು ಚೌಕಟ್ಟು ಚಿಕ್ಕದಾದರೂ ಕೋನ ಕುಗ್ಗುತ್ತದೆ. ಲೆನ್ಸ್ ಕೊಳ್ಳುವಾಗ ಮಿ.ಮೀ. ಜೊತೆಗೆ ನಿಮ್ಮ ಕ್ಯಾಮೆರಾದ ಸೆನ್ಸರ್ ಅಳತೆಯನ್ನೂ ನೋಡಿಕೊಳ್ಳಿ.